ಓದಿದ್ದು ಅಂಕವಾಗಬೇಕಾದರೆ...

ಫೆಬ್ರವರಿ ಮುಗಿಯುತ್ತಿದ್ದಂತೆ ಹತ್ತನೇ ತರಗತಿ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಸದ್ದು ತಗ್ಗುತ್ತದೆ. ಬೆಳಗಿನ ಜಾವವೇ ದೀಪ ಹೊತ್ತಿಕೊಳ್ಳುತ್ತದೆ. ಬಸವನಗುಡಿಯ ದೊಡ್ಡ ಗಣಪತಿಗೆ ಹರಕೆ ಹೊರುವವರೂ ಉಂಟು. ಪ್ರಶ್ನೆಪತ್ರಿಕೆ, ಫಲಿತಾಂಶ ಎಲ್ಲಕ್ಕೂ ಮೂಲಸ್ಥಾನವಾದ ಪರೀಕ್ಷಾ ಮಂಡಳಿ ಇರುವುದೂ ಇಲ್ಲೇ, ಮಲ್ಲೇಶ್ವರದ ಆರನೇ ಅಡ್ಡರಸ್ತೆಯಲ್ಲಿ.

ಇಷ್ಟೆಲ್ಲ ಕಷ್ಟಪಟ್ಟು ಓದಿದ ಮೇಲೂ ಕೇಂದ್ರದ ಗೇಟಿನ ಬಳಿ ಕೇಳಿಬರುವ ಮಾತು ಪ್ರತಿ ವರ್ಷ ಒಂದೇ: 'ನಂಗೆ ಗೊತ್ತಿತ್ತಮ್ಮ, ಪ್ರಶ್ನೆ ಸರಿಯಾಗಿ ನೋಡ್ಲಿಲ್ಲ', 'ಟೈಮ್ ಸಾಲಲಿಲ್ಲ'. ಗೊತ್ತಿಲ್ಲದೆ ಹೋದ ಅಂಕಕ್ಕೆ ಅಷ್ಟು ಬೇಸರವಿಲ್ಲ. ಗೊತ್ತಿದ್ದೂ ಹೋದ ಅಂಕ ಮಾತ್ರ ಮಗುವಿನ ಧೈರ್ಯವನ್ನೇ ಕುಗ್ಗಿಸುತ್ತದೆ. ಓದುವುದು ಒಂದು ವಿದ್ಯೆಯಾದರೆ ಪರೀಕ್ಷೆ ಬರೆಯುವುದು ಇನ್ನೊಂದು. ಎರಡನ್ನೂ ಕಲಿಯಬೇಕು.

ಹದಿನೈದು ನಿಮಿಷದ ಬೆಲೆ

ಎಸ್ಸೆಸ್ಸೆಲ್ಸಿಯಲ್ಲಿ ಬರೆಯಲು ಕೊಡುವ ಸಮಯದ ಜೊತೆಗೆ ಪ್ರಶ್ನೆಪತ್ರಿಕೆ ಓದಲೆಂದೇ 15 ನಿಮಿಷ ಇದೆ. ಹಲವು ಮಕ್ಕಳು ಇದನ್ನು ಬರೆಯಲು ಕಾಯುವ ಸಮಯ ಎಂದುಕೊಳ್ಳುತ್ತಾರೆ. ಅದು ತಪ್ಪು. ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪ್ರಶ್ನೆಗಳನ್ನು ಮನಸ್ಸಿನಲ್ಲೇ ಮೂರು ಗುಂಪು ಮಾಡಿಕೊಳ್ಳಿ: ಖಂಡಿತ ಬರುವುದು, ಯೋಚಿಸಿದರೆ ಬರುವುದು, ಬಾರದೇ ಇರುವುದು. 'ಅಥವಾ' ಇರುವ ಕಡೆ ಯಾವುದನ್ನು ಬರೆಯುವುದೆಂದು ಆಗಲೇ ತೀರ್ಮಾನಿಸಿ. ಅರ್ಧ ಲೆಕ್ಕ ಮಾಡಿ, ಹೊಡೆದುಹಾಕಿ, ಇನ್ನೊಂದಕ್ಕೆ ಹಾರುವ ಪ್ರಮೇಯ ಆಗ ಬರುವುದಿಲ್ಲ.

ಗದ್ಯಭಾಗ: ಕೇಳಿದ್ದೇನು?

ಭಾಷಾ ಪತ್ರಿಕೆಗಳಲ್ಲಿ ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಉತ್ತರ ಕಣ್ಣೆದುರೇ ಇರುತ್ತದೆ. ಆದರೂ ತಪ್ಪುತ್ತದೆ! ಒಂದು ಉದಾಹರಣೆ ನೋಡಿ:

'ಮಲ್ಲೇಶ್ವರದ ಅಂಚಿನಲ್ಲಿರುವ ಸ್ಯಾಂಕಿ ಕೆರೆಯನ್ನು 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ನಿರ್ಮಿಸಿದರು. ಬೆಳೆಯುತ್ತಿದ್ದ ಊರಿಗೆ ನೀರು ಒದಗಿಸುವುದು ಅದರ ಉದ್ದೇಶವಾಗಿತ್ತು. ಇಂದು ಜನ ಅಲ್ಲಿಗೆ ವಾಯುವಿಹಾರಕ್ಕೆ ಬರುತ್ತಾರೆ.'

ಪ್ರಶ್ನೆ: ಕೆರೆಯನ್ನು ಏಕೆ ನಿರ್ಮಿಸಲಾಯಿತು? ಅವಸರದ ವಿದ್ಯಾರ್ಥಿ ಮೊದಲ ವಾಕ್ಯವನ್ನು ಪೂರ್ತಿ ನಕಲು ಮಾಡುತ್ತಾನೆ. ಇಸವಿಯೂ ಬಂತು, ಹೆಸರೂ ಬಂತು. ಕಾರಣ ಮಾತ್ರ ಬರಲಿಲ್ಲ. ಇನ್ನೊಬ್ಬ 'ವಾಯುವಿಹಾರಕ್ಕೆ' ಎಂದು ಬರೆಯುತ್ತಾನೆ. ಅದು ಇಂದಿನ ಮಾತು, ಕಟ್ಟಿದ ಕಾರಣವಲ್ಲ.

ಆದ್ದರಿಂದ ಮೊದಲು ಪ್ರಶ್ನೆಗಳನ್ನು ಓದಿ, ಆಮೇಲೆ ಗದ್ಯವನ್ನು ಓದಿ. 'ಏಕೆ', 'ಹೇಗೆ', 'ಯಾವಾಗ' ಎಂಬ ಪದಗಳಿಗೆ ಗಮನ ಕೊಡಿ. ಆ ವಿಷಯ ನಿಮಗೆ ಬೇರೆ ಕಡೆಯಿಂದ ಎಷ್ಟೇ ಗೊತ್ತಿದ್ದರೂ ಉತ್ತರ ಗದ್ಯದೊಳಗಿನಿಂದಲೇ ಬರಲಿ.

ಗಣಿತವೂ ಓದುವ ವಿಷಯವೇ

ಗಣಿತಕ್ಕೂ ಓದಿಗೂ ಸಂಬಂಧವಿಲ್ಲ ಎನ್ನುವವರು ಈ ಲೆಕ್ಕ ನೋಡಲಿ. 5, 8, 11... ಈ ಸಮಾಂತರ ಶ್ರೇಢಿಯ 20ನೇ ಪದ 62. ಮೊದಲ 20 ಪದಗಳ ಮೊತ್ತ 670. ಶ್ರೇಢಿ ಒಂದೇ, ಸಂಖ್ಯೆ ಒಂದೇ. 'ಮೊತ್ತ' ಎಂಬ ಒಂದು ಪದ ಕಣ್ತಪ್ಪಿದರೆ ಉತ್ತರ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಹಾಗೆಯೇ 14 ಸೆಂ.ಮೀ. ವ್ಯಾಸ, 10 ಸೆಂ.ಮೀ. ಎತ್ತರದ ಸಿಲಿಂಡರಿನ ಘನಫಲ 1540 ಘನ ಸೆಂ.ಮೀ. ವ್ಯಾಸವನ್ನೇ ತ್ರಿಜ್ಯ ಎಂದುಕೊಂಡರೆ ಅದು 6160 ಆಗುತ್ತದೆ, ಅಂದರೆ ನಾಲ್ಕು ಪಟ್ಟು! ದತ್ತಾಂಶವನ್ನು ಮೊದಲ ಸಾಲಿನಲ್ಲೇ ಬರೆದುಕೊಳ್ಳುವ ಅಭ್ಯಾಸ ಇದ್ದವರು ಇಂಥ ಕಡೆ ಎಡವುವುದು ಕಡಿಮೆ.

ಇನ್ನು ಸಮಯ. ಈಚಿನ ವರ್ಷಗಳ ಮಾದರಿಯಲ್ಲಿ ಗಣಿತದ ಲಿಖಿತ ಪರೀಕ್ಷೆ 80 ಅಂಕಕ್ಕೆ, 38 ಪ್ರಶ್ನೆಗಳು. ಬರೆಯಲು 180 ನಿಮಿಷ. ಅಂಕಕ್ಕೆ ಎರಡೂಕಾಲು ನಿಮಿಷ ಸಿಗುತ್ತದೆ. ಹೀಗೆ ಹಂಚಿಕೊಳ್ಳಬಹುದು:

ಒಂದು ಅಂಕದ 16 ಪ್ರಶ್ನೆ: 20 ನಿಮಿಷ
ಎರಡು ಅಂಕದ 8 ಪ್ರಶ್ನೆ: 32 ನಿಮಿಷ
ಮೂರು ಅಂಕದ 9 ಪ್ರಶ್ನೆ: 63 ನಿಮಿಷ
ನಾಲ್ಕು ಅಂಕದ 4 ಪ್ರಶ್ನೆ: 40 ನಿಮಿಷ
ಐದು ಅಂಕದ 1 ಪ್ರಶ್ನೆ: 12 ನಿಮಿಷ

ಒಟ್ಟು 167 ನಿಮಿಷ. ಉಳಿದ 13 ನಿಮಿಷ ತಾಳೆ ನೋಡಲು.

ಬಹು ಆಯ್ಕೆ ಪ್ರಶ್ನೆಗಳಿಗೆ ಬರೀ ಕ್ರಮಾಕ್ಷರ ಬರೆದು ಬಿಡಬೇಡಿ. ಕ್ರಮಾಕ್ಷರದೊಂದಿಗೆ ಪೂರ್ಣ ಉತ್ತರವನ್ನೂ ಬರೆಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ದೊಡ್ಡ ಲೆಕ್ಕ ಮಧ್ಯದಲ್ಲಿ ನಿಂತುಹೋದರೆ ಸೂತ್ರ, ಚಿತ್ರ, ಬಂದಷ್ಟು ಹಂತ ಬರೆದು ಮುಂದಕ್ಕೆ ಹೋಗಿ. ಗಣಿತದಲ್ಲಿ ಹಂತಕ್ಕೂ ಅಂಕ ಉಂಟು. ಒಂದೇ ಲೆಕ್ಕಕ್ಕೆ ಹಟ ಹಿಡಿದು ಕುಳಿತರೆ ಬರುವ ಮೂರು ಲೆಕ್ಕ ಕೈತಪ್ಪುತ್ತವೆ.

ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ

ಈ ಕ್ರಮಗಳು ಪರೀಕ್ಷೆಯ ದಿನ ಒಮ್ಮೆಲೇ ಬರುವುದಿಲ್ಲ. ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು, ನಡುವೆ ಏಳದೆ ಬರೆಯಿರಿ. ನಂತರ ಮಾದರಿ ಉತ್ತರದೊಂದಿಗೆ ಹೋಲಿಸಿ, ಹೋದ ಅಂಕಗಳನ್ನು ಪಟ್ಟಿ ಮಾಡಿ: ಬಾರದ್ದಕ್ಕೆ ಎಷ್ಟು, ಅವಸರಕ್ಕೆ ಎಷ್ಟು, ಸಮಯ ಸಾಲದ್ದಕ್ಕೆ ಎಷ್ಟು. ಮೊದಲನೆಯದಕ್ಕೆ ಮತ್ತೆ ಓದಬೇಕು. ಉಳಿದೆರಡಕ್ಕೆ ಬೇಕಾದುದು ಅಭ್ಯಾಸ.

ತಂದೆತಾಯಿಯರಿಗೆ

ಎದುರುಮನೆ ಹುಡುಗಿಯ ಅಂಕದ ಮಾತು ಈ ತಿಂಗಳು ಬೇಡ. ಹಿಂದಿನ ರಾತ್ರಿ ಹೊಸ ಪಾಠ ಹೇಳಿಕೊಡುವುದಕ್ಕಿಂತ ಬೇಗ ಊಟ ಹಾಕಿ ಮಲಗಿಸುವುದು ಮೇಲು. ಪರೀಕ್ಷೆ ಮುಗಿಸಿ ಬಂದ ಮಗುವನ್ನು ರಸ್ತೆಯಲ್ಲೇ ನಿಲ್ಲಿಸಿ ಒಂದೊಂದೇ ಉತ್ತರ ಕೇಳಬೇಡಿ. ನಾಳೆಯ ವಿಷಯಕ್ಕೆ ಅದೇ ಅಡ್ಡಿ.

ಹಿಂದೆಲ್ಲ 'ಒಂದು ವರ್ಷವೇ ಹಾಳಾಯಿತು' ಎಂಬ ಭಯ ಇತ್ತು. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿಗೆ ಅವಕಾಶವಾಗಿದೆ. ಅಂಕದ ಬಗ್ಗೆ ಸಂಶಯವಿದ್ದರೆ ಉತ್ತರಪತ್ರಿಕೆಯ ಪ್ರತಿ ಪಡೆಯಲು, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ದಾರಿಯೂ ಇದೆ. ಈ ಮಾತನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕೆಂದು ಹೇಳುವ ಬದಲು, ಪರೀಕ್ಷೆಗೆ ಮೊದಲೇ ಮಗುವಿಗೆ ಹೇಳಿ. ಹೆದರದ ಕೈ ಪ್ರಶ್ನೆಯನ್ನು ಸರಿಯಾಗಿ ಓದಿ ಬರೆಯುತ್ತದೆ.