ಪ್ಯಾನೆಲ್ ಬಿಸಿಲಿಗೆ, ದೀಪ ಕಾಲಬುಡಕ್ಕೆ

ದೀಪಾವಳಿ ಹತ್ತಿರವಾದಾಗ ಬಿ.ಸಿ.ರೋಡು, ಬೆಳ್ತಂಗಡಿ, ಮೂಡುಬಿದಿರೆಯ ಅಂಗಡಿಗಳಲ್ಲಿ ಗೂಡುದೀಪದ ಜೊತೆ ಈಗ ಇನ್ನೊಂದು ಸಾಮಾನೂ ಕಾಣಿಸುತ್ತದೆ: ಮಣ್ಣಿಗೆ ಚುಚ್ಚಿ ನಿಲ್ಲಿಸುವ ಪುಟ್ಟ ಸೋಲಾರ್ ದೀಪ. ಅಂಗಳದ ಬದಿಯಲ್ಲಿ ನಾಲ್ಕು ದಾಸವಾಳ, ಎರಡು ಕ್ರೋಟನ್, ಒಂದು ಸಾಲು ಅಬ್ಬಲಿಗೆ ಇದ್ದವರಿಗೆ ಅದನ್ನು ನೋಡಿದರೆ ಆಸೆಯಾಗುವುದು ಸಹಜ. ಮುಂದಿನ ಆಟಿ ತಿಂಗಳ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಕೆಟ್ಟು ಮೂಲೆ ಸೇರಿರುತ್ತವೆ. ಅಲ್ಲಿಗೆ ತೀರ್ಪೂ ಸಿದ್ಧ.

"ಸೋಲಾರೆಲ್ಲ ನಮ್ಮ ಮಳೆಯ ಊರಿಗೆ ಹೇಳಿದ್ದಲ್ಲ ಮಾರಾಯ್ರೆ"

ಈ ಮಾತನ್ನು ಬೆಳ್ತಂಗಡಿ ತಾಲೂಕಿನಲ್ಲಿ ಕುಳಿತು ಹೇಳುವುದಂತೂ ಸೋಜಿಗ. ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ ಸೇರಿ 1995ರಲ್ಲಿ ಆರಂಭಿಸಿದ ಸೆಲ್ಕೋ, ಮನೆಮನೆಗೆ ಸೋಲಾರ್ ದೀಪ ಹಾಕಿಕೊಟ್ಟ ಮೊದಮೊದಲ ಪ್ರದೇಶಗಳಲ್ಲಿ ದಕ್ಷಿಣ ಕನ್ನಡವೂ ಸೇರಿದೆ. 1982ರಲ್ಲಿ ಹುಟ್ಟಿದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ತನ್ನ ಸ್ವಸಹಾಯ ಸಂಘಗಳ ಮೂಲಕ ಈ ದೀಪಗಳಿಗೆ ಸಾಲ ಕೊಟ್ಟಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಇಂಥ ಕೆಲಸಕ್ಕೇ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಘಟ್ಟದ ಬುಡದಲ್ಲಿ ಆ ದೀಪಗಳು ಉರಿದವು, ಮಕ್ಕಳು ಅದರಡಿಯಲ್ಲಿ ಓದಿದರು.

ಹಾಗಾದರೆ ಅಂಗಳದ ಚುಚ್ಚುದೀಪ ಯಾಕೆ ಸಾಯುತ್ತದೆ? ಉತ್ತರ ಜೋಡಣೆಯಲ್ಲಿದೆ. ಮನೆಯ ಸೋಲಾರಿನಲ್ಲಿ ಪ್ಯಾನೆಲ್ ಮಾಡಿನ ಮೇಲೆ ಬಿಸಿಲಿಗೆ ಮುಖ ಮಾಡಿ ಕುಳಿತಿರುತ್ತದೆ, ಬ್ಯಾಟರಿ ಒಳಗೆ ಒಣಗಿದ ಜಾಗದಲ್ಲಿ ಇರುತ್ತದೆ, ದೀಪಕ್ಕೆ ವಯರು ಹೋಗುತ್ತದೆ. ಚುಚ್ಚುದೀಪದಲ್ಲಿ ಈ ಮೂರೂ ಒಂದೇ ಡಬ್ಬಿಯಲ್ಲಿ. ದೀಪ ಬೇಕಾದದ್ದು ಗಿಡದ ಬುಡದಲ್ಲಿ, ಹಾಗಾಗಿ ಪ್ಯಾನೆಲ್ಲೂ ಗಿಡದ ಬುಡದಲ್ಲೇ. ಅದರ ಮೇಲೆ ದಾಸವಾಳದ ನೆರಳು, ಅದರ ಮೇಲೆ ಅಡಿಕೆಯ ನೆರಳು, ಅದರ ಮೇಲೆ ಮೋಡ. ಒಳಗಿನ ಬ್ಯಾಟರಿ 1.2 ವೋಲ್ಟಿನದು, ಸಾಮಾನ್ಯವಾಗಿ 600 ಮಿಲಿಆಂಪಿಯರ್-ಗಂಟೆಯದು. ಪೂರ್ತಿ ತುಂಬಿದರೂ ಅದರಲ್ಲಿರುವುದು 0.7 ವ್ಯಾಟ್-ಗಂಟೆ. ಜೂನ್ ಬಂದ ಮೇಲೆ ಅದು ತುಂಬುವುದೇ ಇಲ್ಲ. ದಿನಾ ಬರಿದಾಗಿಯೇ ಇದ್ದು ಬೇಗ ಕೆಡುತ್ತದೆ. (ಎಸೆಯುವ ಮೊದಲು ಅಡಿಯ ಸ್ಕ್ರೂ ಬಿಚ್ಚಿ ನೋಡಿ. ಎಷ್ಟೋ ಸಲ ಹೋದದ್ದು ಬ್ಯಾಟರಿ ಮಾತ್ರ. ಅದೇ ಅಳತೆಯ ರೀಚಾರ್ಜ್ ಸೆಲ್ ಹಾಕಿದರೆ ಮತ್ತೆ ಉರಿಯುತ್ತದೆ.)

ಆದ್ದರಿಂದ ಅಂಗಳಕ್ಕೂ ಮನೆಯ ಸೋಲಾರಿನ ಪದ್ಧತಿಯನ್ನೇ ತನ್ನಿ. ಲೆಕ್ಕ ಸುಲಭ. 2 ವ್ಯಾಟಿನ ಐದು ಎಲ್‌ಇಡಿ ದೀಪ, ಸಂಜೆ ನಾಲ್ಕು ಗಂಟೆ ಉರಿದರೆ ದಿನಕ್ಕೆ 40 ವ್ಯಾಟ್-ಗಂಟೆ. ಫೆಬ್ರವರಿಯ ಶುಭ್ರ ದಿನದಲ್ಲಿ ಪ್ಯಾನೆಲ್ಲಿಗೆ ಸುಮಾರು ಐದು ಗಂಟೆಯ ಪೂರ್ಣ ಬಿಸಿಲಿನಷ್ಟು ಶಕ್ತಿ ಸಿಕ್ಕರೆ, ಜುಲೈಯಲ್ಲಿ ಎರಡು ಮೂರು ಗಂಟೆಯಷ್ಟು ಸಿಕ್ಕೀತು. 40 ವ್ಯಾಟಿನ ಒಂದು ಪ್ಯಾನೆಲ್ ಇದ್ದರೆ ಸೋರಿಕೆ ಕಳೆದೂ ಮಳೆಗಾಲದ ಸಾಧಾರಣ ದಿನಕ್ಕೆ ಸಾಕು. 12 ವೋಲ್ಟ್, 10 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮೂರು ಕತ್ತಲೆ ದಿನಗಳನ್ನು ದಾಟಿಸುತ್ತದೆ. ಪ್ಯಾನೆಲನ್ನು ಮರದ ನೆರಳು ತಾಗದ ಮಾಡಿನ ಮೇಲೆ ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ಓರೆಯಾಗಿ ಇಡಿ. ಮೊದಲ ಮಳೆಯ ನಂತರ ಪಾಚಿ ಹಿಡಿದರೆ ಒರೆಸಿ.

"ಬಿಸಿಲಿನ ಕರೆಂಟು ಬಿಟ್ಟಿ, ಮೆಸ್ಕಾಂ ಕರೆಂಟು ದುಬಾರಿ"

ಇಷ್ಟೆಲ್ಲ ಹೇಳಿದ ಮೇಲೆ ನಾನೇ ಉಲ್ಟಾ ಹೇಳುತ್ತಿದ್ದೇನೆ ಅನಿಸಬಹುದು. ಮೇಲಿನ ಐದು ದೀಪಗಳನ್ನು ಮೆಸ್ಕಾಂ ಕರೆಂಟಿನಲ್ಲೇ ಉರಿಸಿದರೆ ತಿಂಗಳಿಗೆ 1.2 ಯೂನಿಟ್. ಯೂನಿಟಿಗೆ 6 ರೂಪಾಯಿಯಂತೆ ಹಿಡಿದರೂ 7 ರೂಪಾಯಿ ಚಿಲ್ಲರೆ. ಈ 7 ರೂಪಾಯಿ ಉಳಿಸಲು ಪ್ಯಾನೆಲ್ಲು, ಬ್ಯಾಟರಿ ಕೊಂಡರೆ ಹಾಕಿದ ದುಡ್ಡು ಬಿಲ್ಲಿನಲ್ಲಿ ಯಾವ ಕಾಲಕ್ಕೂ ವಾಪಸು ಬರುವುದಿಲ್ಲ. ಅಂಗಳದ ಮಟ್ಟಿಗೆ ಸೋಲಾರ್ ಗೆಲ್ಲುವುದು ಎರಡು ಕಡೆ: ವಯರು ಎಳೆಯಲು ಮುರಕಲ್ಲು ಅಗೆದು ಕೂಲಿ ಕೊಡಬೇಕಾದಷ್ಟು ದೂರದಲ್ಲಿ, ಮತ್ತು ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಬಾರದ ಕಡೆ. ಜಗಲಿಯಿಂದ ಹತ್ತಡಿ ದೂರದ ತುಳಸಿಕಟ್ಟೆಗೆ ಮನೆಯ ಲೈನೇ ಅಗ್ಗ.

"ಬಿಲ್ಲು ಸೊನ್ನೆ ಬರ್ತದಲ್ಲ, ಎಷ್ಟು ಉರಿಸಿದರೇನು?"

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಹುಟ್ಟಿದ ನಂಬಿಕೆ. ತಿಂಗಳಿಗೆ 200 ಯೂನಿಟ್ ಉಚಿತ ಎಂದು ಬಾಯಿಮಾತಿನಲ್ಲಿ ಹೇಳುತ್ತೇವೆ, ಆದರೆ ಪ್ರತಿ ಮನೆಗೂ ಅದರದೇ ಮಿತಿ ಇದೆ: ಸಾಮಾನ್ಯವಾಗಿ 2022–23ರಲ್ಲಿ ಆ ಮನೆ ಬಳಸಿದ ಸರಾಸರಿ, ಅದರ ಮೇಲೆ ಶೇ. 10. ನಿಮ್ಮ ಮಿತಿ 80 ಯೂನಿಟ್ ಇದ್ದರೆ 97 ಬಳಸಿದಾಗ ಹೆಚ್ಚಿನ 17ಕ್ಕೆ ದುಡ್ಡು ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲು.

ಆ 17 ಯೂನಿಟ್ ಎಲ್ಲಿಂದ ಬಂತು ಎಂದು ಕೇಳಿದರೆ, ಅಂಗಳದ ಮೂಲೆಯ 50 ವ್ಯಾಟಿನ ಫ್ಲಡ್‌ಲೈಟಿನಿಂದ. ಕತ್ತಲಾದೊಡನೆ ತಾನೇ ಹತ್ತಿ ಬೆಳಗಾದಾಗ ತಾನೇ ಆರುವ ಸೆನ್ಸರಿನ ದೀಪ ಅದು. ಸೆನ್ಸರ್ ಇದೆ, ಹಾಗಾಗಿ ಉಳಿತಾಯ ಎಂದು ನಂಬಿಸಲಾಗುತ್ತದೆ. ಅದು ಉಳಿಸುವುದು ಸ್ವಿಚ್ ಒತ್ತುವ ಶ್ರಮವನ್ನು. ಮನೆಯವರೆಲ್ಲ ಹತ್ತು ಗಂಟೆಗೆ ಮಲಗಿದರೂ ದೀಪ ಹನ್ನೊಂದೂವರೆ ಗಂಟೆ ಉರಿಯುತ್ತದೆ; ತಿಂಗಳಿಗೆ ಸುಮಾರು 17 ಯೂನಿಟ್. ಬೇಕಾದದ್ದು ಹತ್ತು ಗಂಟೆಗೆ ಆರಿಸುವ ಟೈಮರ್, ಇಲ್ಲವೇ ಯಾರಾದರೂ ಬಂದಾಗ ಮಾತ್ರ ಹತ್ತುವ ಚಲನೆಯ ಸೆನ್ಸರ್. ಎರಡನೆಯದು ನಾಯಿ ಹಾದರೂ ಹತ್ತುತ್ತದೆ, ಸಹಿಸಿಕೊಳ್ಳಬೇಕು.

ತೋಟದ ಪಂಪಿನ ಕರೆಂಟು ಹೇಗೂ ಉಚಿತ, ಅದರಿಂದಲೇ ಒಂದು ವಯರು ಎಳೆದರಾಯಿತು ಎನ್ನುವವರೂ ಇದ್ದಾರೆ. 10 ಎಚ್‌ಪಿವರೆಗಿನ ಪಂಪಿಗೆ ಸರಕಾರ ಉಚಿತವಾಗಿ ಕೊಡುವುದು ಕೃಷಿಗೆ. ಮನೆಯಂಗಳದ ಅಲಂಕಾರಕ್ಕೆ ಅದನ್ನು ಬಳಸುವಂತಿಲ್ಲ.

"ವ್ಯಾಟ್ ಜಾಸ್ತಿ, ಬೆಳಕು ಜಾಸ್ತಿ"

60 ವ್ಯಾಟಿನ ಹಳೇ ಬಲ್ಬಿನ ಕಾಲದಲ್ಲಿ ಈ ಮಾತು ನಡೆಯುತ್ತಿತ್ತು. 2015ರ ಉಜಾಲಾ ಯೋಜನೆಯಲ್ಲಿ ಕಡಿಮೆ ಬೆಲೆಗೆ 9 ವ್ಯಾಟಿನ ಎಲ್‌ಇಡಿ ಮನೆಮನೆ ತಲುಪಿದಾಗಲೇ ಅದು ಹಳತಾಯಿತು. ಬೆಳಕಿನ ಅಳತೆ ಲ್ಯೂಮೆನ್. 60 ವ್ಯಾಟಿನ ಬಲ್ಬು 700 ಲ್ಯೂಮೆನ್ ಚಿಲ್ಲರೆ ಕೊಟ್ಟರೆ 9 ವ್ಯಾಟಿನ ಎಲ್‌ಇಡಿ 900ರ ಹತ್ತಿರ ಕೊಡುತ್ತದೆ. ಮೆಟ್ಟಿಲಿಗೆ, ನಡೆಯುವ ದಾರಿಗೆ 150–200 ಲ್ಯೂಮೆನ್ ಧಾರಾಳ. ಅದಕ್ಕೆ 2 ವ್ಯಾಟ್ ಸಾಕು.

ಇನ್ನು ಪೆಟ್ಟಿಗೆಯ ಮೇಲೆ "100 ವ್ಯಾಟ್" ಎಂದು ಬರೆದ ಅಗ್ಗದ ಸೋಲಾರ್ ಫ್ಲಡ್‌ಲೈಟ್. ಅದರ ಜೊತೆ ಬರುವ ಪ್ಯಾನೆಲ್ ಶಾಲೆಯ ಸ್ಲೇಟಿನಷ್ಟು, ಹೆಚ್ಚೆಂದರೆ 10 ವ್ಯಾಟಿನದು. ಒಳ್ಳೆಯ ಬಿಸಿಲಿನ ದಿನ ಸೋರಿಕೆ ಕಳೆದು 30 ವ್ಯಾಟ್-ಗಂಟೆ ಕೂಡಿಟ್ಟೀತು. ದೀಪ ನಿಜವಾಗಿ 100 ವ್ಯಾಟಿನದಾಗಿದ್ದರೆ 20 ನಿಮಿಷದಲ್ಲಿ ಆರಬೇಕು. ಬೆಳಗಿನವರೆಗೂ ಉರಿಯುತ್ತದೆ ಎಂದಾದರೆ ಅದು 3 ವ್ಯಾಟಿನ ದೀಪ. ಎರಡರಲ್ಲಿ ಒಂದು ಸುಳ್ಳು. ಕೊಳ್ಳುವ ಮೊದಲು ಯಾವುದೆಂದು ಅಂಗಡಿಯವರನ್ನೇ ಕೇಳಿ.

"ಬೆಳಕಿದ್ದಲ್ಲಿ ಹಾವು ಬರುವುದಿಲ್ಲ"

ರಾತ್ರಿಯಿಡೀ ಫ್ಲಡ್‌ಲೈಟ್ ಉರಿಸುವವರು ಕೊಡುವ ಮೊದಲ ಕಾರಣ ಇದು. ಭಯವೇನೂ ಹುಸಿಯಲ್ಲ: ಅಡಿಕೆ ತೋಟಕ್ಕೆ ತಾಗಿದ ಅಂಗಳದಲ್ಲಿ ಕೊಳಕುಮಂಡಲ, ಕಟ್ಟುಹಾವು ಎರಡೂ ಇರುತ್ತವೆ, ಎರಡೂ ರಾತ್ರಿ ಓಡಾಡುವವು. ಆದರೆ ಬೆಳಕಿಗೆ ಹೆದರಿ ಅವು ದಾರಿ ಬದಲಿಸುವುದಿಲ್ಲ. ನಡೆಯುವುದು ಬೇರೆಯೇ. ಬಿಳಿ ಬೆಳಕಿಗೆ ಹಾತೆಗಳು ಮುತ್ತುತ್ತವೆ, ಹಾತೆ ತಿನ್ನಲು ಕಪ್ಪೆಗಳು ದೀಪದಡಿ ಕೂರುತ್ತವೆ, ಕಪ್ಪೆಯ ಹಿಂದೆ ಹಾವು ಬರುತ್ತದೆ. ಜೊತೆಗೆ ಇನ್ನೊಂದು ಅಪಾಯ: ಕಣ್ಣಿಗೆ ಹೊಡೆಯುವ ದೀಪವನ್ನು ನೋಡಿ ಅದರಾಚೆ ಕಾಲಿಟ್ಟರೆ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಲು 20–30 ನಿಮಿಷ ಬೇಕು. ಫ್ಲಡ್‌ಲೈಟಿನ ಅಂಚಿನ ನೆರಳು ಅಂಗಳದ ಅತ್ಯಂತ ಅಪಾಯದ ಜಾಗ.

ಮೂಡುಬಿದಿರೆಯ ಕಡಲಕೆರೆಯ ಕಂಬಳಕ್ಕೆ ಎತ್ತರದ ಕಂಬದಿಂದ ಬೆಳಕು ಸುರಿಯಬೇಕು. ಓಡುವ ಕೋಣ ದೂರಕ್ಕೆ ಕಾಣಬೇಕಲ್ಲ. ಅಂಗಳದಲ್ಲಿ ಕಾಣಬೇಕಾದದ್ದು ನಮ್ಮ ಪಾದದ ಮುಂದಿನ ಮೂರಡಿ. ದೀಪ ಮೊಣಕಾಲಿನ ಎತ್ತರದಲ್ಲಿರಲಿ, ಕೆಳಮುಖವಾಗಿರಲಿ, ಬಣ್ಣ ಹಳದಿ ಇರಲಿ (ಪೆಟ್ಟಿಗೆಯಲ್ಲಿ 2700 ಅಥವಾ 3000 ಕೆಲ್ವಿನ್ ಎಂದಿರುತ್ತದೆ). ಹಳದಿಗೆ ಹಾತೆ ಕಡಿಮೆ. ಮುಚ್ಚಳಕ್ಕೆ ದುಡ್ಡು ಕೊಡಬೇಕಾಗಿಲ್ಲ: 12 ವೋಲ್ಟಿನ ಸಣ್ಣ ಎಲ್‌ಇಡಿಗೆ ಅರ್ಧ ಗೆರಟೆ ಚಂದದ ಟೋಪಿ, ಇಲ್ಲವೇ ಹಟ್ಟಿಯ ಬದಿಯಲ್ಲಿ ಪೇರಿಸಿಟ್ಟ ಮಂಗಳೂರು ಹಂಚನ್ನು ಓರೆಯಾಗಿ ನಿಲ್ಲಿಸಿ ಅದರ ಮರೆಗೆ ದೀಪ ಇಡಬಹುದು. ಅಡಿಕೆ ಮರಕ್ಕೆ ಬಿಸಿಲು ಹೊಡೆಯದಂತೆ ಬಳಿದು ಉಳಿದ ಸುಣ್ಣ ಇದ್ದರೆ ಮೆಟ್ಟಿಲ ಅಂಚಿಗೆ, ದಾರಿಬದಿಯ ಕಲ್ಲಿಗೆ ಬಳಿಯಿರಿ. ಬಿಳಿ ಅಂಚು ಇದ್ದಲ್ಲಿ ಅರ್ಧ ಬೆಳಕಿನಲ್ಲೂ ಮೆಟ್ಟಿಲು ಕಾಣುತ್ತದೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಉಳಿತಾಯ ಕೊಡುವ ವಸ್ತು ಈ ಸುಣ್ಣ. ಮತ್ತೆ, ತೋಟದ ಕಡೆ ಹೋಗುವಾಗ ಕೈಯಲ್ಲಿ ಟಾರ್ಚು; ಅದಕ್ಕೆ ಬದಲಿ ಇಲ್ಲ.

"12 ವೋಲ್ಟಿನ ದೀಪಕ್ಕೆ ಕರೆಂಟು ಕಡಿಮೆ ಸಾಕು"

ಬಿಲ್ಲು ನೋಡುವುದು ವ್ಯಾಟನ್ನು, ವೋಲ್ಟನ್ನಲ್ಲ. 12 ವೋಲ್ಟಿನ ಗುಣ ಸುರಕ್ಷೆ: ಒದ್ದೆ ಮಣ್ಣಿನಲ್ಲಿ ಗುದ್ದಲಿ ತಾಗಿ ವಯರು ತುಂಡಾದರೂ ಜೀವಕ್ಕೆ ಕುತ್ತಿಲ್ಲ. ಅದರ ದೋಷ, ದೂರ ಹೋದಂತೆ ಸೋರುವುದು. 24 ವ್ಯಾಟಿನ ದೀಪಗಳನ್ನು 30 ಮೀಟರ್ ದೂರಕ್ಕೆ 1 ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ ಒಯ್ದರೆ ದಾರಿಯಲ್ಲೇ 2 ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ, ಕೊನೆಯ ದೀಪ ಮಂಕಾಗುತ್ತದೆ. 2.5ರ ವಯರು ಹಾಕಿದರೆ ನಷ್ಟ 1 ವೋಲ್ಟಿನೊಳಗೆ. ದೀಪವನ್ನು ಬೈಯುವ ಮೊದಲು ವಯರಿನ ದಪ್ಪ ನೋಡಿ.

230 ವೋಲ್ಟಿನ ಲೈನನ್ನೇ ಹೊರಗೆ ಒಯ್ಯುವುದಾದರೆ ತೆಂಗಿನ ಮರಕ್ಕೆ ಸುತ್ತಿ ಟೇಪು ಅಂಟಿಸಿದ ಜೋಡಣೆ ಪೂಜೆಯ ಒಂದು ರಾತ್ರಿಗೂ ಬೇಡ. ಪೈಪಿನೊಳಗೆ ಕೇಬಲ್, ಮಳೆನೀರು ತಡೆಯುವ ಐಪಿ65 ಪೆಟ್ಟಿಗೆ, ಮನೆಯ ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ಲೈನು ಕಡಿಯುವ 30 ಮಿಲಿಆಂಪಿಯರಿನ ಇಎಲ್‌ಸಿಬಿ, ಈ ಮೂರು ಇಲ್ಲದಿದ್ದರೆ ದೀಪವೂ ಬೇಡ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುವುದರಿಂದ ಇಎಲ್‌ಸಿಬಿ ಇನ್ನೂ ಮುಖ್ಯ. ಏಪ್ರಿಲ್-ಮೇ ಮತ್ತು ತುಲಾ ಮಾಸದ ಸಿಡಿಲಿಗೆ ಸ್ವಿಚ್ ಆಫ್ ಮಾಡಿದರೆ ಸಾಕೆಂದು ತಿಳಿಯಬೇಡಿ. ಸ್ವಿಚ್ಚಿನೊಳಗಿನ ಸಣ್ಣ ಅಂತರವನ್ನು ಸಿಡಿಲಿನ ವೋಲ್ಟೇಜು ಹಾರಿ ದಾಟುತ್ತದೆ. ಗುಡುಗು ಕೇಳುವ ಮೊದಲೇ, ಮೋಡ ಕವಿದಾಗ ಅಂಗಳದ ಲೈನಿನ ಪ್ಲಗ್ಗನ್ನೇ ಕಿತ್ತಿಡಿ.

"ಗಿಡಕ್ಕೆ ಬೆಳಕು ಎಷ್ಟಿದ್ದರೂ ಒಳ್ಳೆಯದೇ"

ಮೇ ಕೊನೆಯ ಮಳೆಗೆ ಹಾತೆ ಎದ್ದಾಗ, ರಬ್ಬರ್ ತೋಟದ ಪಕ್ಕದ ಮನೆಗಳಿಗೆ ಕಪ್ಪು ಮುಪ್ಲಿ ದುಂಬಿಗಳು ಹಿಂಡಾಗಿ ನುಗ್ಗುವಾಗ, ಹೊರಗಿನ ದೀಪ ಆರಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆ ದುಂಬಿಯ ಸ್ರಾವ ತಾಗಿದರೆ ಚರ್ಮ ಉರಿಯುತ್ತದೆ. ಅದೇ ದಿನಗಳಲ್ಲಿ ಮಿಂಚುಹುಳಗಳೂ ಬರುತ್ತವೆ. ಗಂಡುಹೆಣ್ಣು ಪರಸ್ಪರ ಗುರುತಿಸುವುದು ಮಿನುಗಿನಿಂದಲೇ ಆದ್ದರಿಂದ ನಮ್ಮ ದೀಪದಡಿ ಅವುಗಳ ಸಂಕೇತ ಮುಚ್ಚಿಹೋಗುತ್ತದೆ. ಗಿಡಗಳಿಗೂ ರಾತ್ರಿ ಲೆಕ್ಕಕ್ಕಿದೆ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಹೂವನ್ನು ತಡಮಾಡಿಸಲು ಬೆಳೆಗಾರರು ಬೇಕೆಂದೇ ರಾತ್ರಿ ಬಲ್ಬು ಉರಿಸುವುದುಂಟು. ಗಿಡ ಸೊಂಪಾಗಿದ್ದರೂ ನಿಮ್ಮ ಮನೆಯ ಸೇವಂತಿಗೆ ದೀಪಾವಳಿಗೆ ಹೂ ಬಿಡದಿದ್ದರೆ ಗೊಬ್ಬರ ಹಾಕುವ ಮೊದಲು ಕುಂಡವನ್ನು ಗೇಟಿನ ದೀಪದಿಂದ ಹಿತ್ತಿಲಿಗೆ ಸಾಗಿಸಿ ನೋಡಿ. ಆಗಸ್ಟಿನಲ್ಲೇ ಸಾಗಿಸಬೇಕು, ಅಕ್ಟೋಬರಿನಲ್ಲಿ ಮಾಡಿದರೆ ತಡವಾಯಿತು.