ವಠಾರದ ಅಳಿವು: ನಗರ ಬಡಾವಣೆಗಳ ನೆಲೆಪಲ್ಲಟಕ್ಕೆ ಕಾರಣಗಳು

ಲಂಡನ್ ನಗರದ ದುಡಿಯುವ ವರ್ಗದ ಕೇರಿಗಳಲ್ಲಿ ಮಧ್ಯಮವರ್ಗದವರು ಬಂದು ನೆಲೆಸಿ, ಹಳೆಯ ನಿವಾಸಿಗಳು ಕ್ರಮೇಣ ಹೊರಬೀಳುತ್ತಿದ್ದುದನ್ನು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಅವರು 1964ರಲ್ಲಿ ಗುರುತಿಸಿ, ಅದನ್ನು ‘ಜೆಂಟ್ರಿಫಿಕೇಷನ್’ ಎಂದು ಕರೆದರು. ಬಡಾವಣೆಯ ಆರ್ಥಿಕ ಅಂತಸ್ತು ಏರಿದಂತೆ ಅಲ್ಲಿನ ಜನರೇ ಬದಲಾಗುವ ಈ ಪ್ರಕ್ರಿಯೆಯನ್ನು ಕನ್ನಡದಲ್ಲಿ ‘ನೆಲೆಪಲ್ಲಟ’ ಎನ್ನಬಹುದು. ಬೆಂಗಳೂರಿನ ಮಲ್ಲೇಶ್ವರದ ವಠಾರಗಳನ್ನು ಮುಂದಿಟ್ಟುಕೊಂಡು ಇದರ ಕಾರಣಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕುರಿತು ವಿದ್ವಾಂಸರಲ್ಲಿ ಎರಡು ಪ್ರಮುಖ ನಿಲುವುಗಳಿವೆ. ಭೂಗೋಳಶಾಸ್ತ್ರಜ್ಞ ಡೇವಿಡ್ ಲೇ ಅವರು ನಗರದ ನಡುವೆಯೇ ವಾಸಿಸಬಯಸುವ ಹೊಸ ವೃತ್ತಿಪರ ವರ್ಗದ ಅಭಿರುಚಿಗೆ ಒತ್ತು ನೀಡಿದರೆ, ನೀಲ್ ಸ್ಮಿತ್ ಅವರು 1979ರಲ್ಲಿ ‘ಬಾಡಿಗೆಯ ಅಂತರ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ನಿವೇಶನವೊಂದು ಈಗ ತರುವ ಉತ್ಪತ್ತಿಗೂ ಬೇರೆ ಬಳಕೆಯಲ್ಲಿ ತರಬಹುದಾದ ಉತ್ಪತ್ತಿಗೂ ನಡುವಣ ಅಂತರ ಹಿಗ್ಗಿದಾಗ ಬಂಡವಾಳ ಅತ್ತ ಹರಿಯುತ್ತದೆ ಎಂಬುದು ಅವರ ವಾದದ ತಿರುಳು.

1898ರ ಪ್ಲೇಗ್ ಪಿಡುಗಿನ ಬಳಿಕ ಬೆಳೆದ ಮಲ್ಲೇಶ್ವರದಲ್ಲಿ ವಿಶಾಲ ಮನೆಗಳ ಜೊತೆಗೆ ವಠಾರಗಳೂ ತಲೆಯೆತ್ತಿದವು. ಒಂದೇ ಅಂಗಳ, ಒಂದೇ ಬಾವಿ ಅಥವಾ ನಲ್ಲಿಯ ಸುತ್ತ ಗುಮಾಸ್ತರು, ಗಿರಣಿ ಕೆಲಸಗಾರರು, ಅಡುಗೆಯವರು ಬಾಡಿಗೆಗಿದ್ದರು. ಹಳೆಯ ಬಾಡಿಗೆದಾರರು ಕೊಡುತ್ತಿದ್ದ ಬಾಡಿಗೆ ಅಲ್ಪವಾದುದರಿಂದ ಮಾಲೀಕರು ದುರಸ್ತಿಗೆ ಮನಸ್ಸು ಮಾಡಲಿಲ್ಲ. ಕಟ್ಟಡ ಶಿಥಿಲವಾದಂತೆ ನೆಲದ ಬೆಲೆ ಮಾತ್ರ ಏರುತ್ತ ಹೋಯಿತು. ಸ್ಮಿತ್ ಹೇಳುವ ಅಂತರ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಈ ಅಂತರವನ್ನು ಹಿಗ್ಗಿಸಿದ ಸಂಗತಿಗಳು ಹಲವು. 1990ರ ದಶಕದಿಂದ ಮಾಹಿತಿ ತಂತ್ರಜ್ಞಾನದ ಉದ್ಯೋಗಗಳು ಅಧಿಕ ಆದಾಯದ ಕುಟುಂಬಗಳನ್ನು ಸೃಷ್ಟಿಸಿದವು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ 1999ರ ಕಾಯ್ದೆಯು 2001ರ ಕೊನೆಗೆ ಜಾರಿಗೆ ಬಂದಿತು. ರಾಜಾ ಮಿಲ್ ಇದ್ದ ನೆಲದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಗೆ ಮೆಟ್ರೊ ಬಂದಿತು. ಹಿರಿಯರ ನಂತರ ಆಸ್ತಿ ಮಕ್ಕಳಲ್ಲಿ ಪಾಲಾಗುವಾಗ ವಠಾರವನ್ನು ಹಂಚಿಕೊಳ್ಳುವುದು ಕಷ್ಟ, ಫ್ಲ್ಯಾಟುಗಳನ್ನು ಹಂಚಿಕೊಳ್ಳುವುದು ಸುಲಭ. ಆದಕಾರಣ ನಿರ್ಮಾಪಕರೊಡನೆ ಜಂಟಿ ಒಪ್ಪಂದ ಮಾಡಿಕೊಂಡ ಮಾಲೀಕರು ಹಲವೆಡೆ ಅದೇ ಜಾಗದಲ್ಲಿ ಉಳಿದರು, ಬಾಡಿಗೆದಾರರು ಹೊರಟರು.

ಹೊಸದಾಗಿ ಬಂದವರ ಅಭಿರುಚಿಯೇ ಮೂಲಕಾರಣವೆಂಬ ವಾದ ಆದ್ದರಿಂದ ಅಪೂರ್ಣ. ಅವರು ಬರುವ ಮೊದಲೇ ನೆಲದ ಲೆಕ್ಕಾಚಾರ ವಠಾರದ ಭವಿಷ್ಯವನ್ನು ತೀರ್ಮಾನಿಸಿರುತ್ತದೆ.

ಜಾನಪದ ಅಧ್ಯಯನಕ್ಕೆ ಈ ವ್ಯತ್ಯಾಸ ಮುಖ್ಯವಾದುದು. ಸೋಬಾನೆ, ಆರತಿ ಹಾಡು, ರಂಗೋಲಿಯ ಎಳೆ, ಸಂಡಿಗೆಯ ಹದ ಇವುಗಳನ್ನು ವಠಾರದ ಹೆಣ್ಣುಮಕ್ಕಳು ಯಾರಿಂದಲೂ ಪಾಠವಾಗಿ ಕಲಿತವರಲ್ಲ. ಅಂಗಳದಲ್ಲಿ ಕೇಳುತ್ತ, ನೋಡುತ್ತ ಕಲಿತವರು. ಈ ನೆರೆಹೊರೆಗೆ ನೆಲದ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಕುಟುಂಬಗಳು ಊರಂಚಿನ ಬೇರೆ ಬೇರೆ ಬಡಾವಣೆಗಳಿಗೆ ಚದುರಿದಾಗ ಹಾಡುವವರು ಉಳಿದರೂ ದನಿಗೂಡಿಸುವವರು ಇಲ್ಲವಾಗುತ್ತಾರೆ. ಆದುದರಿಂದ ನಗರ ಜಾನಪದದ ಸಂಗ್ರಹಕಾರರು ಹಾಡಿನ ಪಠ್ಯಕ್ಕಷ್ಟೇ ತೃಪ್ತರಾಗದೆ, ಹಾಡಿದವರು ಯಾವ ವಠಾರದಲ್ಲಿದ್ದರು, ಯಾವಾಗ ತೆರಳಿದರು, ಏಕೆ ತೆರಳಿದರು ಎಂಬುದನ್ನೂ ದಾಖಲಿಸುವುದು ಅತ್ಯಗತ್ಯ. ಉಳಿದಿರುವ ವಠಾರಗಳು ಕೆಡವಲ್ಪಡುವ ಮುನ್ನವೇ ಈ ಕಾರ್ಯ ನಡೆಯಬೇಕಾಗಿದೆ.