ಕೇಳದೆಯೇ ಕತ್ತರಿಸಿಟ್ಟ ರೊಟ್ಟಿ

ಕ್ರೈಸ್ತ ಪ್ರೀತಿ ಎಂದೊಡನೆ ಅನಾಥಾಲಯ, ಆಸ್ಪತ್ರೆ, ವೃದ್ಧಾಶ್ರಮಗಳು ನಮ್ಮ ಕಣ್ಮುಂದೆ ನಿಲ್ಲುತ್ತವೆ. ಅಂತಹ ಸೇವೆ ಕೆಲವರಿಗೆ ಬರುವ ಕರೆ. ದಯೆಯಾದರೋ ನಮ್ಮೆಲ್ಲರ ಪಾಲಿನ ಕರ್ತವ್ಯ. ಅದರ ನಿಜವಾದ ಪರೀಕ್ಷೆ ನಡೆಯುವುದು ನಮ್ಮ ತಾಳ್ಮೆಯನ್ನು ದಿನವೂ ಕೆಣಕುವವರ ಮುಂದೆ.

ಬಾಲಯೇಸುವಿನ ಸಂತ ತೆರೇಸಾ 1888ರಲ್ಲಿ, ತಮ್ಮ 15ನೆಯ ವಯಸ್ಸಿನಲ್ಲಿ, ಫ್ರಾನ್ಸಿನ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದರು. ಅಲ್ಲಿ ರೋಗಪೀಡಿತರಾದ ವೃದ್ಧ ಭಗಿನಿಯೊಬ್ಬರಿದ್ದರು. ಪ್ರತಿ ಸಂಜೆ ಧ್ಯಾನದ ನಡುವೆಯೇ ಎದ್ದು ಅವರನ್ನು ಊಟದ ಕೋಣೆಗೆ ನಡೆಸಿಕೊಂಡು ಹೋಗಬೇಕಿತ್ತು. ಬೇಗ ನಡೆದರೆ ಬೀಳಿಸುವೆ ಎಂಬ ದೂರು; ನಿಧಾನಿಸಿದರೆ ಕೈಬಿಟ್ಟೆ ಎಂಬ ದೂರು. ಅವರನ್ನು ಮೆಚ್ಚಿಸುವುದು ಸುಲಭವಲ್ಲವೆಂದು ಅರಿತೂ ತೆರೇಸಾ ಆ ಕೆಲಸಕ್ಕೆ ತಾವಾಗಿಯೇ ಮುಂದಾದರು. ಕೆಲವು ದಿನಗಳಲ್ಲಿ, ಸ್ವಾಧೀನವಿಲ್ಲದ ಕೈಗಳಿಂದ ರೊಟ್ಟಿ ಕತ್ತರಿಸಲು ಆ ಭಗಿನಿ ಪಡುತ್ತಿದ್ದ ಕಷ್ಟ ಅವರ ಕಣ್ಣಿಗೆ ಬಿತ್ತು. ಅಂದಿನಿಂದ ರೊಟ್ಟಿಯನ್ನು ಕತ್ತರಿಸಿಟ್ಟು, ಮುಗುಳ್ನಕ್ಕು ಹಿಂದಿರುಗತೊಡಗಿದರು. ಹಾಗೆ ಮಾಡೆಂದು ಯಾರೂ ಕೇಳಿರಲಿಲ್ಲ. ವೃದ್ಧೆಯ ಮನಸ್ಸನ್ನು ಗೆದ್ದದ್ದು ಅದೇ.

1897ರಲ್ಲಿ, 24ನೆಯ ವಯಸ್ಸಿನಲ್ಲಿ, ಆ ಮಠದಲ್ಲಿಯೇ ಕಣ್ಮುಚ್ಚಿದ ಅವರನ್ನು ಧರ್ಮಸಭೆ 1925ರಲ್ಲಿ ಸಂತರೆಂದು ಸಾರಿತು. ಪುಟ್ಟ ಕೆಲಸಗಳನ್ನು ದೊಡ್ಡ ಪ್ರೀತಿಯಿಂದ ಮಾಡಿದ್ದೇ ಅವರ ಹಿರಿಮೆ.

ಬಲಿಪೂಜೆಯಲ್ಲಿ ಪಕ್ಕದವರೊಡನೆ ಶಾಂತಿಯನ್ನು ಹಂಚಿಕೊಳ್ಳುವ ನಾವು, ಹೇಳಿದ್ದನ್ನೇ ಹೇಳುವ ಮನೆಯ ಹಿರಿಯರಿಗೆ, ಮಾತು ಬಿಟ್ಟ ನೆರೆಯವರಿಗೆ, ನಮ್ಮ ಮನೆಗೆಲಸ ಮಾಡಿಕೊಡುವವರಿಗೆ ಏನನ್ನು ಹಂಚುತ್ತೇವೆ? ಸಹಾಯ ಕೇಳಿದವರಿಗೆ ನಾವು ಇಲ್ಲವೆನ್ನದಿರಬಹುದು. ಕೇಳಲು ಸಂಕೋಚಪಡುವವರ ಗತಿಯೇನು? ಯಾರ ರೊಟ್ಟಿ ಕತ್ತರಿಸದೆ ಉಳಿದಿದೆ ಎಂದು ಕಾಣುವ ಕಣ್ಣುಗಳನ್ನು ಪ್ರಭುವಿನಲ್ಲಿ ಬೇಡೋಣ.